ಪಿಎಲ್‌ಜಿಎ ಕಣದೊಳಗೆ ಔಷಧ ನಿಲ್ಲುತ್ತಿಲ್ಲ: ಸೂಪರ್‌ಕ್ರಿಟಿಕಲ್ ಸಿಒ2 ಬಳಸಿದವರು ದಾರಿ ಹೇಳಿ

ಪುಡಿಕಣ

ಎಲ್ಲರಿಗೂ ನಮಸ್ಕಾರ. ಪಿಎಲ್‌ಜಿಎ ಅನ್ನುವ, ಮೈಯೊಳಗೆ ಕರಗಿ ಹೋಗುವ ಪಾಲಿಮರ್‌ನ ಕಣಗಳ ಒಳಗೆ ಐಬುಪ್ರೊಫೇನ್ (ನೋವಿನ ಔಷಧ) ಸೇರಿಸಬೇಕು, ಅದು ನಿಧಾನವಾಗಿ ಹೊರಗೆ ಬರಬೇಕು. ಕೆಲಸ ಇಷ್ಟೇ. ಎಮಲ್ಷನ್ ಮಾಡಿ (ದ್ರಾವಣವನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದು) ದ್ರಾವಕವನ್ನು ಆರಿಸುವ ಹಳೆಯ ವಿಧಾನದಲ್ಲಿ ದುಂಡು ಕಣಗಳು ಬರುತ್ತಿವೆ, ಆದರೆ ಅದರೊಳಗೆ ಉಳಿಯುವ ದ್ರಾವಕ ಡೈಕ್ಲೋರೋಮೀಥೇನ್ ತೆಗೆಯುವುದಕ್ಕೇ ಸಮಯವೆಲ್ಲ ಹೋಗುತ್ತದೆ. ಅದಕ್ಕೇ ಸೂಪರ್‌ಕ್ರಿಟಿಕಲ್ ಸಿಒ2, ಅಂದರೆ ದ್ರವವೂ ಅನಿಲವೂ ಅಲ್ಲದ ಸ್ಥಿತಿಯ ಕಾರ್ಬನ್ ಡೈಆಕ್ಸೈಡ್ ಕಡೆ ಬಂದೆ.

ಈಗ ಮಾಡುತ್ತಿರುವುದು ಎಸ್‌ಎಎಸ್, ಅಂದರೆ ಆ್ಯಂಟಿಸಾಲ್ವೆಂಟ್ ವಿಧಾನ: ಸಿಒ2 ದ್ರಾವಕವನ್ನು ಎಳೆದುಕೊಂಡು, ಕರಗಿದ್ದನ್ನು ಕಣವಾಗಿ ಬೀಳಿಸಬೇಕು. ಪಾಲಿಮರ್ ಮತ್ತು ಔಷಧ ಎರಡನ್ನೂ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, 40 ಡಿಗ್ರಿ 100 ಬಾರ್ ಇರುವ ಸಿಒ2 ಒಳಗೆ 100 ಮೈಕ್ರಾನ್ ನಾಜಲ್‌ನಿಂದ ಸ್ಪ್ರೇ ಮಾಡುತ್ತೇನೆ. ಆಮೇಲೆ ಬರೀ ಸಿಒ2 ಹರಿಸಿ ತೊಳೆದು, ಒತ್ತಡ ಇಳಿಸಿ ವೆಸೆಲ್ (ಒತ್ತಡದ ಪಾತ್ರೆ) ತೆಗೆಯುತ್ತೇನೆ. ಪುಡಿ ಸಿಗುವುದಿಲ್ಲ. ಗೋಡೆಗೆ ಬಿಳಿ ಪೊರೆಯ ಥರ ಅಂಟಿಕೊಂಡಿರುತ್ತದೆ, ಫಿಲ್ಟರ್ ಮೇಲೆ ಗಟ್ಟಿ ಬಿಲ್ಲೆ ಕೂತಿರುತ್ತದೆ. ಕೆರೆದು ತೆಗೆದು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ಒಂದಕ್ಕೊಂದು ಬೆಸೆದ ಉಂಡೆಗಳು. ಅದರಲ್ಲಿ ಔಷಧ ಅಳೆದರೆ ಹಾಕಿದ್ದರಲ್ಲಿ ತೀರಾ ಸ್ವಲ್ಪ ಮಾತ್ರ ಇರುತ್ತದೆ.

ನಾಜಲ್ ಬದಲಿಸಲೋ, ಒತ್ತಡ ಏರಿಸಲೋ, ದ್ರಾವಣ ತೆಳು ಮಾಡಲೋ? ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಹಳೇ_ರಿಯಾಕ್ಟರ್

ನಾಜಲ್ ಮುಟ್ಟಬೇಡಿ. ನಿಮ್ಮಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಎರಡಕ್ಕೂ ನಾಜಲ್‌ಗೂ ಸಂಬಂಧ ಇಲ್ಲ.

ಮೊದಲನೆಯದು ಅಂಟುವುದು. ಪಿಎಲ್‌ಜಿಎ ಸ್ಫಟಿಕ ಆಗದ ಪಾಲಿಮರ್. ಅದರ ಗ್ಲಾಸ್ ಟ್ರಾನ್ಸಿಷನ್ (ಗಟ್ಟಿ ಪಾಲಿಮರ್ ಮೆತ್ತಗಾಗುವ ಉಷ್ಣತೆ) ಗಾಳಿಯಲ್ಲಿ 45ರಿಂದ 50 ಡಿಗ್ರಿ ಹತ್ತಿರ ಇರುತ್ತದೆ, ಅದಕ್ಕೇ ಬಾಟಲಿಯಲ್ಲಿ ಗಟ್ಟಿಯಾಗಿ ಕಾಣುತ್ತದೆ. ಒತ್ತಡದಲ್ಲಿ ಸಿಒ2 ಪಾಲಿಮರ್ ಒಳಗೆ ಹೊಕ್ಕು ಸರಪಳಿಗಳನ್ನು ಸಡಿಲ ಮಾಡುತ್ತದೆ, ಆಗ ಆ 45 ಡಿಗ್ರಿ ನಿಮ್ಮ ವೆಸೆಲ್‌ನ 40 ಡಿಗ್ರಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಅಂದರೆ ಕಣ ಹುಟ್ಟುವಾಗಲೇ ಮೆತ್ತಗೆ ಹುಟ್ಟುತ್ತದೆ. ಮೆತ್ತಗಿನ ಕಣ ಪಕ್ಕದ ಕಣಕ್ಕೆ ತಾಗಿದರೆ ಸೇರಿಕೊಳ್ಳದೆ ಇನ್ನೇನು ಮಾಡುತ್ತದೆ. ಲ್ಯಾಕ್ಟೈಡ್ ಅಂಶ ಜಾಸ್ತಿ ಇದ್ದಷ್ಟೂ ಪಾಲಿಮರ್ ಸಿಒ2ವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ನಿಮ್ಮ ಪಾಲಿಮರಿನಲ್ಲಿ ಲ್ಯಾಕ್ಟೈಡ್, ಗ್ಲೈಕೊಲೈಡ್ ಪ್ರಮಾಣ 50:50 ಇದೆಯೋ 85:15 ಇದೆಯೋ ಅನ್ನುವುದೂ ಮುಖ್ಯ.

ಎರಡನೆಯದು ಔಷಧ ಕಾಣೆಯಾಗುವುದು. ಐಬುಪ್ರೊಫೇನ್ ಸಿಒ2ನಲ್ಲಿ ಚೆನ್ನಾಗಿ ಕರಗುವ ಔಷಧಗಳಲ್ಲಿ ಒಂದು. ಜೊತೆಗೆ ಡೈಕ್ಲೋರೋಮೀಥೇನ್ ಬೆರೆತರೆ ಇನ್ನೂ ಚೆನ್ನಾಗಿ ಕರಗುತ್ತದೆ. ಆ್ಯಂಟಿಸಾಲ್ವೆಂಟ್ ವಿಧಾನ ನಡೆಯಬೇಕಾದರೆ ಸಿಒ2ಗೆ ದ್ರಾವಕ ಬೇಕು, ಔಷಧ ಬೇಡ ಅನ್ನಿಸಬೇಕು. ನಿಮ್ಮದು ಎರಡನ್ನೂ ಎತ್ತಿಕೊಂಡು ಫಿಲ್ಟರ್ ದಾಟಿ ಹೋಗುತ್ತಿದೆ.

ಹೇಳಿದ್ದನ್ನು ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ. ಬರೀ ಪಿಎಲ್‌ಜಿಎ ಪುಡಿಯನ್ನು ಒಂದು ಚಿಕ್ಕ ಗಾಜಿನ ಶೀಶೆಯಲ್ಲಿ ಹಾಕಿ ವೆಸೆಲ್ ಒಳಗೆ ಇಡಿ. ದ್ರಾವಕ ಬೇಡ, ಔಷಧ ಬೇಡ. 40 ಡಿಗ್ರಿ 100 ಬಾರ್‌ನಲ್ಲಿ ಅರ್ಧ ಗಂಟೆ ಬಿಟ್ಟು, ನಿಧಾನಕ್ಕೆ ಒತ್ತಡ ಇಳಿಸಿ, ತೆಗೆದು ನೋಡಿ. ಇನ್ನೊಂದು ಶೀಶೆಯಲ್ಲಿ ಬರೀ ಔಷಧವನ್ನು ತೂಕ ಮಾಡಿ ಇಟ್ಟು, ಸಿಒ2 ಹರಿಸಿ, ಮತ್ತೆ ತೂಕ ಮಾಡಿ. ಹಾಗೇ ಕೆಳಗಿನ ಸೆಪರೇಟರ್‌ನಲ್ಲಿ (ಹೊರಹೋಗುವ ಸಿಒ2ನಿಂದ ದ್ರಾವಕ ಬೇರೆಯಾಗುವ ಪಾತ್ರೆ) ಸೇರುವ ಡೈಕ್ಲೋರೋಮೀಥೇನ್ ಚೆಲ್ಲಬೇಡಿ, ಅದರಲ್ಲಿ ಔಷಧ ಎಷ್ಟಿದೆ ಅಳೆಯಿರಿ. ಕಳೆದುಹೋದದ್ದೆಲ್ಲ ಅಲ್ಲೇ ಸಿಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಈ ಕ್ಷೇತ್ರದಲ್ಲಿ ನನ್ನ ಒಂದೇ ತಕರಾರು ಇದು: ಜನ ವಿಧಾನವನ್ನು ಮೊದಲು ಆರಿಸುತ್ತಾರೆ, ಆಮೇಲೆ ಔಷಧ ಪಾಲಿಮರ್‌ಗಳನ್ನು ಅದರೊಳಗೆ ತುರುಕುತ್ತಾರೆ. ಸಿಒ2 ನಿಮ್ಮ ಪಾಲಿಮರ್‌ಗೆ ಏನು ಮಾಡುತ್ತದೆ, ನಿಮ್ಮ ಔಷಧಕ್ಕೆ ಏನು ಮಾಡುತ್ತದೆ, ಬೇರೆ ಬೇರೆಯಾಗಿ ನೋಡಿಕೊಂಡ ಮೇಲೆ ವಿಧಾನ ತಾನಾಗಿಯೇ ಗೊತ್ತಾಗುತ್ತದೆ.

ಬಿಳಿಹಾಳೆ

ನಾನು ಈ ವಿಷಯಕ್ಕೆ ಹೊಸಬ, ಓದುತ್ತಾ ಇದ್ದೇನೆ. ಸೂಪರ್‌ಕ್ರಿಟಿಕಲ್ ಅಂದರೆ ದ್ರವವೂ ಅಲ್ಲ ಅನಿಲವೂ ಅಲ್ಲ ಅನ್ನುವಷ್ಟು ಗೊತ್ತು. ಆದರೆ 100 ಬಾರ್ ಯಾಕೆ, 80 ಆದರೆ ಏನಾಗುತ್ತದೆ? ಯಾರಾದರೂ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಒತ್ತಡಮಾಪಕ

@ಬಿಳಿಹಾಳೆ ಕಾರ್ಬನ್ ಡೈಆಕ್ಸೈಡ್‌ನ ಕ್ರಿಟಿಕಲ್ ಬಿಂದು 31.1 ಡಿಗ್ರಿ ಸೆಲ್ಸಿಯಸ್, 73.8 ಬಾರ್. ಎರಡನ್ನೂ ದಾಟಿದ ಮೇಲೆ ದ್ರವ-ಅನಿಲ ಅನ್ನುವ ಗೆರೆ ಇರುವುದಿಲ್ಲ. ಔಷಧದವರಿಗೆ ಇದು ಇಷ್ಟ ಆಗುವುದಕ್ಕೆ ಕಾರಣ ಆ 31 ಡಿಗ್ರಿ. ಮೈ ಬಿಸಿಗಿಂತ ಕಡಿಮೆ ಉಷ್ಣತೆಯಲ್ಲೇ ಕೆಲಸ ಆಗುತ್ತದೆ, ಬಿಸಿಗೆ ಹಾಳಾಗುವ ಔಷಧವೂ ತಡೆದುಕೊಳ್ಳುತ್ತದೆ.

ನಿಜವಾದ ವಿಷಯ ಇರುವುದು ಸಾಂದ್ರತೆಯಲ್ಲಿ. ಉಷ್ಣತೆ 40 ಡಿಗ್ರಿಯಲ್ಲೇ ಇರಲಿ. 80 ಬಾರ್‌ನಲ್ಲಿ ಒಂದು ಘನ ಮೀಟರಿಗೆ ಸುಮಾರು 280 ಕೆಜಿ. 90 ಬಾರ್‌ಗೆ 485. 100 ಬಾರ್‌ಗೆ 630 ಹತ್ತಿರ. ಆಮೇಲೆ ನಿಧಾನ ಆಗುತ್ತದೆ, 150 ಬಾರ್‌ನಲ್ಲಿ 780 ಅಷ್ಟೆ. ಯಾವ ವಸ್ತು ಎಷ್ಟು ಕರಗುತ್ತದೆ ಅನ್ನುವುದು ಹೆಚ್ಚುಕಡಿಮೆ ಈ ಸಾಂದ್ರತೆಯ ಹಿಂದೆ ಹೋಗುತ್ತದೆ. 80ರಿಂದ 100 ಬಾರ್ ನಡುವೆ ಸಣ್ಣ ತಿರುವು ಕೊಟ್ಟರೂ ದ್ರಾವಕದ ಶಕ್ತಿಯೇ ಬದಲಾಗುತ್ತದೆ. ಇದೇ ಇದರ ಗುಣ, ಇದೇ ಇದರ ಕಾಟ. ಪಂಪ್ 5 ಬಾರ್ ಅತ್ತಿತ್ತ ಆಡಿದರೆ 150ರಲ್ಲಿ ಏನೂ ತೋರುವುದಿಲ್ಲ, 85ರಲ್ಲಿ ಒಂದೊಂದು ಬ್ಯಾಚ್ ಒಂದೊಂದು ಥರ ಬರುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. 1822ರಲ್ಲಿ ಕ್ಯಾನ್ಯಾರ್ ದ ಲಾ ತೂರ್ ಮುಚ್ಚಿದ ಪಾತ್ರೆಯಲ್ಲಿ ದ್ರವ ಬಿಸಿ ಮಾಡುತ್ತಾ ಈ ಸ್ಥಿತಿ ಕಂಡರು. 1879ರ ಹೊತ್ತಿಗೆ ಹ್ಯಾನೆ ಮತ್ತು ಹೊಗಾರ್ತ್ ಅನ್ನುವವರು ಪೊಟ್ಯಾಸಿಯಂ ಅಯೋಡೈಡ್‌ನಂಥ ಲವಣ ಸೂಪರ್‌ಕ್ರಿಟಿಕಲ್ ಎಥನಾಲ್‌ನಲ್ಲಿ ಕರಗುವುದನ್ನು, ಒತ್ತಡ ಇಳಿಸಿದ ಕೂಡಲೇ ಅದು ಹಿಮದ ಹಾಗೆ ಉದುರುವುದನ್ನು ನೋಡಿದರು. ಕಣ ಮಾಡುವ ವಿಧಾನದ ಬೀಜ ಅಲ್ಲೇ ಇದೆ, ಔಷಧಕ್ಕೆ ಬಳಸಲು ನೂರು ವರ್ಷ ಹಿಡಿಯಿತು.

ಬಿಳಿಹಾಳೆ

ಥ್ಯಾಂಕ್ಸ್ ಸರ್, ಈಗ ಅರ್ಥ ಆಯಿತು. ಹಾಗಾದರೆ ಇನ್ನೊಂದು ಪ್ರಶ್ನೆ. ಔಷಧ ಸಿಒ2ನಲ್ಲಿ ಕರಗುತ್ತದೆ ಅಂತಾದರೆ ಪಾಲಿಮರ್ ಕೂಡ ಅದರಲ್ಲೇ ಕರಗಿಸಿ, ಎರಡನ್ನೂ ಒಟ್ಟಿಗೆ ನಾಜಲ್‌ನಿಂದ ಹೊರಗೆ ಬಿಟ್ಟರೆ ಆಯಿತಲ್ವಾ? ಡೈಕ್ಲೋರೋಮೀಥೇನ್ ಗೊಡವೆಯೇ ಇರುವುದಿಲ್ಲ.

ಹಳೇ_ರಿಯಾಕ್ಟರ್

ಅದಕ್ಕೆ ಆರ್‌ಇಎಸ್‌ಎಸ್ ಅನ್ನುತ್ತಾರೆ, ಕರಗಿಸಿ ಒಮ್ಮೆಲೇ ಹಿಗ್ಗಿಸುವುದು. ಕೇಳಲು ಎಲ್ಲಕ್ಕಿಂತ ಚೆನ್ನಾಗಿದೆ. ತೊಂದರೆ ಏನೆಂದರೆ ಹೆಚ್ಚಿನ ಪಾಲಿಮರ್‌ಗಳು ಸಿಒ2ನಲ್ಲಿ ಕರಗುವುದೇ ಇಲ್ಲ. ಸಿಲಿಕೋನ್ ಕರಗುತ್ತದೆ, ಕೆಲವು ಫ್ಲೋರೋಪಾಲಿಮರ್ ಕರಗುತ್ತವೆ, ಆದರೆ ಮೈಯೊಳಗೆ ಕರಗಿ ಹೋಗಬೇಕಾದ ಕಣಕ್ಕೆ ಅವು ಬರುವುದಿಲ್ಲ. ಪಾಲಿಲ್ಯಾಕ್ಟಿಕ್ ಆಮ್ಲದಲ್ಲಿ ತೀರಾ ಗಿಡ್ಡ ಸರಪಳಿ ಇದ್ದರೆ ಚೂರುಪಾರು ಕರಗುತ್ತದೆ, ಅಷ್ಟರಿಂದ ಉತ್ಪಾದನೆ ಆಗುವುದಿಲ್ಲ. ಸಿಒ2 ಪಾಲಿಮರ್ ಒಳಗೆ ಸುಲಭವಾಗಿ ಹೋಗುತ್ತದೆ, ಪಾಲಿಮರ್ ಸಿಒ2 ಒಳಗೆ ಹೋಗುವುದಿಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ವಿಷಯ ತಿಳಿದ ಹಾಗೆ.

ಇದಕ್ಕೊಂದು ಜಾಣ ಉಪಾಯ ಜಪಾನಿನ ಮಿಶಿಮಾ ತಂಡದ್ದು, 2000ರಲ್ಲಿ ಬಂತು. ಬರೀ ಎಥನಾಲ್‌ನಲ್ಲಿ ಪಾಲಿಮರ್ ಕರಗುವುದಿಲ್ಲ, ಬರೀ ಸಿಒ2ನಲ್ಲೂ ಕರಗುವುದಿಲ್ಲ, ಆದರೆ ಎರಡೂ ಸೇರಿದರೆ ಕೆಲವು ಪಾಲಿಮರ್ ಕರಗುತ್ತವೆ. ಹೊರಗೆ ಚಿಮ್ಮಿದಾಗ ಸಿಒ2 ಹಾರಿ ಹೋಗುತ್ತದೆ, ಉಳಿದ ಎಥನಾಲ್ ಪಾಲಿಮರನ್ನು ಕರಗಿಸುವುದಿಲ್ಲ, ಹಾಗಾಗಿ ಕಣ ಅಂಟುವುದಿಲ್ಲ. ಒಳಗೆ ಕರಗದೆ ತೇಲುತ್ತಿದ್ದ ಪ್ರೋಟೀನ್ ಕಣದ ಮೇಲೆ ಪಾಲಿಮರ್ ಹೊದಿಕೆ ಕೂರುತ್ತದೆ. ನನಗೆ ತುಂಬಾ ಇಷ್ಟದ ಕೆಲಸ ಅದು. ಪಿಎಲ್‌ಜಿಎ ಐಬುಪ್ರೊಫೇನ್‌ಗೆ ಮಾತ್ರ ಹಾಗೇ ಹೊಂದುವುದಿಲ್ಲ, ಐಬುಪ್ರೊಫೇನ್ ಎಥನಾಲ್‌ನಲ್ಲೂ ಕರಗಿಬಿಡುತ್ತದೆ.

ಎಮಲ್ಷನ್_ಅಕ್ಕ

@ಪುಡಿಕಣ ಹಳೆಯ ವಿಧಾನದಲ್ಲಿ ದುಂಡು ಕಣ ಬರುತ್ತಿತ್ತು ಅಂದಿರಿ. ಮತ್ತೆ ಅದನ್ನು ಯಾಕೆ ಬಿಡಬೇಕು? ಎಮಲ್ಷನ್ ಹಾಗೇ ಮಾಡಿ, ದ್ರಾವಕ ತೆಗೆಯುವ ಕೆಲಸ ಮಾತ್ರ ಸಿಒ2ಗೆ ಕೊಡಿ. ಎಸ್‌ಎಫ್‌ಇಇ ಅಂತ ಹುಡುಕಿ, ಎಮಲ್ಷನ್‌ನಿಂದ ಸೂಪರ್‌ಕ್ರಿಟಿಕಲ್ ಹೊರತೆಗೆಯುವಿಕೆ.

ನಡೆಯುವುದು ಹೀಗೆ. ಪಾಲಿಮರ್ ಮತ್ತು ಔಷಧವನ್ನು ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ, ಪಿವಿಎ (ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುವ ಪಾಲಿಮರ್) ಇರುವ ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆಯುತ್ತೀರಿ. ಆ ಎಮಲ್ಷನ್‌ಗೆ ಸಿಒ2 ತಾಗಿಸಿದರೆ ಹನಿಯಿಂದ ಈಥೈಲ್ ಅಸಿಟೇಟ್ ನಿಮಿಷಗಳಲ್ಲಿ ಹೊರಬರುತ್ತದೆ, ನೀರು ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಪ್ರತಿ ಹನಿ ಗಟ್ಟಿಯಾಗಿ ಒಂದೊಂದು ಕಣ ಆಗುತ್ತದೆ. ಕಣದ ಅಳತೆಯನ್ನು ನಾಜಲ್ ನಿರ್ಧರಿಸುವುದಿಲ್ಲ, ನಿಮ್ಮ ಹನಿಯ ಅಳತೆಯೇ ನಿರ್ಧರಿಸುತ್ತದೆ. ಪಿಎಲ್‌ಜಿಎ ಇಲ್ಲೂ ಮೆತ್ತಗಾಗುತ್ತದೆ, ಆದರೆ ಕಣಗಳ ನಡುವೆ ನೀರು ಇದೆ, ಮೇಲೆ ಪಿವಿಎ ಪದರ ಇದೆ, ಹಾಗಾಗಿ ಬೆಸೆದುಕೊಳ್ಳುವುದಿಲ್ಲ. 38-40 ಡಿಗ್ರಿ, 80ರಿಂದ 90 ಬಾರ್ ಸಾಕು. ಒತ್ತಡ ಜಾಸ್ತಿ ಮಾಡಬೇಡಿ, ಮಾಡಿದರೆ ಔಷಧವೂ ಎದ್ದು ಹೋಗುತ್ತದೆ. @ಒತ್ತಡಮಾಪಕ ಹೇಳಿದ ಆ ಸಾಂದ್ರತೆ ಲೆಕ್ಕ ನೋಡಿ, 80ರಲ್ಲಿ ಅರ್ಧಕ್ಕೂ ಕಡಿಮೆ ಇದೆ.

ಡೈಕ್ಲೋರೋಮೀಥೇನ್ ಬಿಡಲು ಇನ್ನೊಂದು ಕಾರಣ. ಔಷಧದಲ್ಲಿ ಉಳಿಯುವ ದ್ರಾವಕಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ3ಸಿ ಪ್ರಕಾರ ಔಷಧದಲ್ಲಿ ಅದು 600 ಪಿಪಿಎಂ ದಾಟಬಾರದು. ಈಥೈಲ್ ಅಸಿಟೇಟ್ ಅಪಾಯ ಕಡಿಮೆ ಇರುವ ಮೂರನೇ ವರ್ಗದಲ್ಲಿದೆ, ಅದಕ್ಕೆ 5000 ಪಿಪಿಎಂ ತನಕ ಅವಕಾಶ ಇದೆ. ಒಣಗಿಸುವ ತಲೆನೋವು ಅಲ್ಲಿಯೇ ಎಷ್ಟೋ ಕಡಿಮೆ ಆಗುತ್ತದೆ.

ಎಮಲ್ಷನ್ ಅಂದರೆ ಹಳೆಯದು ಅಂತ ಮೂಗು ಮುರಿಯುವವರಿಗೆ: 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲ್ಯುಪ್ರಾನ್ ಡಿಪೋ ಅನ್ನುವ ಚುಚ್ಚುಮದ್ದು ಇದೇ ಜಾತಿಯ ಪಾಲಿಮರ್ ಕಣ, ಎಮಲ್ಷನ್ ದಾರಿಯಲ್ಲೇ ಬಂದದ್ದು.

ಹಳೇ_ರಿಯಾಕ್ಟರ್

@ಎಮಲ್ಷನ್_ಅಕ್ಕ ಮೇಡಂ, ಗೌರವ ಇಟ್ಟುಕೊಂಡೇ ಒಂದು ಮಾತು. ಎಸ್‌ಎಫ್‌ಇಇ ಮಾಡಿದ ಮೇಲೆ ಕೈಯಲ್ಲಿ ಇರುವುದು ನೀರಿನಲ್ಲಿ ತೇಲುವ ಕಣ. ಪಿವಿಎ ತೊಳೆಯಬೇಕು, ಸೆಂಟ್ರಿಫ್ಯೂಜ್ ಮಾಡಬೇಕು, ಫ್ರೀಜ್ ಡ್ರೈ ಮಾಡಬೇಕು. ಸಿಒ2 ಕಡೆ ಬಂದದ್ದೇ ಒಂದೇ ಹಂತದಲ್ಲಿ ಒಣ ಪುಡಿ ಸಿಗಲಿ ಅಂತ. ಆ ಲಾಭ ಹೋಯಿತಲ್ಲ?

ಎಮಲ್ಷನ್_ಅಕ್ಕ

ಒಂದೇ ಹಂತದಲ್ಲಿ ಬಿಲ್ಲೆ ಸಿಗುವುದಾದರೆ ಆ ಹಂತದಿಂದ ಏನು ಲಾಭ ಸರ್. ತೊಳೆಯುವ ಕೆಲಸ ಗೊತ್ತಿರುವ ಕೆಲಸ, ಎಲ್ಲ ಲ್ಯಾಬಿನಲ್ಲೂ ಆಗುತ್ತದೆ. ಆ್ಯಂಟಿಸಾಲ್ವೆಂಟ್‌ನಲ್ಲೂ ತೊಳೆಯುವುದು ತಪ್ಪುವುದಿಲ್ಲ, ಸಿಒ2ನಲ್ಲಿ ತೊಳೆಯುತ್ತೀರಿ ಅಷ್ಟೆ. ಅಲ್ಲಿ ಒಂದು ಇಕ್ಕಟ್ಟು ಇದೆ, ಯಾರೂ ಹೇಳುವುದಿಲ್ಲ: ಕಡಿಮೆ ತೊಳೆದರೆ ಒತ್ತಡ ಇಳಿಸುವಾಗ ಉಳಿದ ಡೈಕ್ಲೋರೋಮೀಥೇನ್ ದ್ರವವಾಗಿ ಕಣದ ಮೇಲೆ ಕೂತು ಮತ್ತೆ ಕರಗಿಸುತ್ತದೆ, ಜಾಸ್ತಿ ತೊಳೆದರೆ ಐಬುಪ್ರೊಫೇನ್ ಹೋಗುತ್ತದೆ.

ಒಂದು ಎಚ್ಚರಿಕೆ ನನ್ನ ದಾರಿಗೂ ಇದೆ. ನೀರು ಮತ್ತು ಸಿಒ2 ಒತ್ತಡದಲ್ಲಿ ಸೇರಿದರೆ ಕಾರ್ಬಾನಿಕ್ ಆಮ್ಲ, ಪಿಎಚ್ 3ರ ಹತ್ತಿರ ಇಳಿಯುತ್ತದೆ. ಐಬುಪ್ರೊಫೇನ್‌ಗೆ ಇದು ಒಂದು ರೀತಿ ಒಳ್ಳೆಯದು, ಆಮ್ಲದಲ್ಲಿ ಅದು ನೀರಿಗೆ ಇಳಿಯುವುದಿಲ್ಲ, ಪಾಲಿಮರ್ ಹನಿಯಲ್ಲೇ ಉಳಿಯುತ್ತದೆ. ಆದರೆ ಅದೇ ಆಮ್ಲದ ರೂಪವೇ ಸಿಒ2ಗೂ ಇಷ್ಟ. ಹಾಗಾಗಿ ಹೊರತೆಗೆಯುವ ಸಮಯ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಆಮ್ಲ ತಡೆಯದ ಪ್ರೋಟೀನ್ ಇದ್ದರೆ ಈ ದಾರಿ ಯೋಚಿಸಿ ಹಿಡಿಯಿರಿ.

ಪ್ರೋಟೀನ್‌ಪ್ರಿಯ

ಪ್ರೋಟೀನ್ ಅಂದ ಕೂಡಲೇ ಬಂದೆ. ಇಬ್ಬರೂ ಮೆತ್ತಗಾಗುವುದನ್ನು ತೊಂದರೆ ಅಂತ ನೋಡುತ್ತಿದ್ದೀರಿ. ಅದನ್ನೇ ಉಪಯೋಗಿಸುವ ವಿಧಾನ ಇದೆ, ಪಿಜಿಎಸ್‌ಎಸ್, ಅಂದರೆ ಅನಿಲ ತುಂಬಿದ ಮಿಶ್ರಣದಿಂದ ಕಣ ಮಾಡುವುದು. 1990ರ ದಶಕದಲ್ಲಿ ವೈಡ್ನರ್, ಕ್ನೆಜ್ ಮತ್ತು ಜೊತೆಯವರು ಬೆಳೆಸಿದ್ದು.

ಇದರಲ್ಲಿ ದ್ರಾವಕವೇ ಇಲ್ಲ. ಪಾಲಿಮರ್ ಪುಡಿ, ಔಷಧದ ಪುಡಿ ಎರಡನ್ನೂ ವೆಸೆಲ್‌ಗೆ ಹಾಕಿ ಸಿಒ2 ತುಂಬುತ್ತೀರಿ. ಪಾಲಿಮರ್ ಅದನ್ನು ಹೀರಿ ಹದವಾದ ಹಿಟ್ಟಿನ ಹಾಗೆ ಆಗುತ್ತದೆ. ಕಲಕುತ್ತೀರಿ, ಔಷಧ ಎಲ್ಲ ಕಡೆ ಹರಡುತ್ತದೆ. ಆಮೇಲೆ ನಾಜಲ್‌ನಿಂದ ಗಾಳಿಯ ಒತ್ತಡಕ್ಕೆ ಬಿಡುತ್ತೀರಿ. ಸಿಒ2 ಹಾರಿ ಹೋಗುವಾಗ ಮಿಶ್ರಣ ಹರಿದು ಚೂರಾಗುತ್ತದೆ, ಹಿಗ್ಗುವಾಗ ಆಗುವ ತಂಪಿಗೆ ಪಾಲಿಮರ್ ಅಲ್ಲೇ ಗಟ್ಟಿಯಾಗುತ್ತದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೌಡಲ್ ಅವರ ಗುಂಪು ಪಿಎಲ್‌ಜಿಎ ಮತ್ತು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ಜೊತೆ ಬೆಳವಣಿಗೆಯ ಹಾರ್ಮೋನನ್ನು ಹೀಗೆ ಸೇರಿಸಿದೆ, ಮೈ ಬಿಸಿಯ ಆಸುಪಾಸಿನಲ್ಲೇ. ಒಣ ಪ್ರೋಟೀನ್‌ಗೆ ಸಾವಯವ ದ್ರಾವಕ ತಾಗುವುದಿಲ್ಲ, ನೀರೂ ಇಲ್ಲ, ಹಾಗಾಗಿ @ಎಮಲ್ಷನ್_ಅಕ್ಕ ಹೇಳಿದ ಆಮ್ಲದ ಕಾಟವೂ ಇಲ್ಲ.

@ಪುಡಿಕಣ ನಿಮಗೆ ಇದರಿಂದ ಸಿಗುವ ದೊಡ್ಡ ಲಾಭ ಏನೆಂದರೆ ತೊಳೆಯುವ ಹಂತವೇ ಇಲ್ಲ. ಸಿಒ2 ಹರಿದು ಹೋಗುವುದಿಲ್ಲ, ಒಂದೇ ಸಲ ಎಲ್ಲವೂ ಹೊರಗೆ ಬರುತ್ತದೆ. ವೆಸೆಲ್‌ಗೆ ಹಾಕಿದ ಔಷಧ ಹೆಚ್ಚುಕಡಿಮೆ ಪೂರ್ತಿ ಪುಡಿಯಲ್ಲೇ ಇರುತ್ತದೆ. ಐಬುಪ್ರೊಫೇನ್ ತಾನೇ ಪಿಎಲ್‌ಜಿಎಯನ್ನು ಮೆತ್ತಗೆ ಮಾಡುವ ಔಷಧ, ಆದ್ದರಿಂದ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕಲಕಬಹುದು. ಅದೇ ಕಾರಣಕ್ಕೆ ಜಾಸ್ತಿ ಔಷಧ ಹಾಕಿದರೆ ಕೋಣೆಯ ಉಷ್ಣತೆಯಲ್ಲೇ ಪುಡಿ ಅಂಟಬಹುದು, ಸಂಗ್ರಹಿಸುವ ಪಾತ್ರೆ ತಣ್ಣಗಿರಲಿ.

ತೊಂದರೆಗಳನ್ನೂ ಹೇಳುತ್ತೇನೆ. ಮಿಶ್ರಣ ದಪ್ಪ, ಕಲಕುವ ಮೋಟಾರಿಗೆ ಒಳ್ಳೆಯ ಶಕ್ತಿ ಬೇಕು. ಕಣಗಳು ಹತ್ತಾರು ಮೈಕ್ರಾನ್, ಅಳತೆಯೂ ಒಂದೇ ಥರ ಇರುವುದಿಲ್ಲ, ಒಳಗೆ ರಂಧ್ರ ಇರುತ್ತವೆ. ಶ್ವಾಸಕೋಶಕ್ಕೆ ಕಳಿಸುವ ಪುಡಿ ಬೇಕಿದ್ದರೆ ಇದು ಸುಲಭವಾಗಿ ಆಗುವುದಿಲ್ಲ. ಚುಚ್ಚುಮದ್ದಿಗೆ ಜರಡಿ ಹಿಡಿದರೆ ಸಾಕು.

ಬಿಳಿಹಾಳೆ

ಇವೆಲ್ಲ ಪರಿಸರಕ್ಕೆ ಒಳ್ಳೆಯದು ಅಂತ ಪ್ರತಿ ಪೇಪರಿನ ಮೊದಲ ಸಾಲಲ್ಲೇ ಇರುತ್ತದೆ. ನಿಜವಾ?

ಒತ್ತಡಮಾಪಕ

ಎಲ್ಲ ಸಲವೂ ಅಲ್ಲ. ಬಳಸುವ ಸಿಒ2 ಬೇರೆ ಕಾರ್ಖಾನೆಗಳ ಉಪ-ಉತ್ಪನ್ನ, ಅದಕ್ಕಾಗಿ ಹೊಸದಾಗಿ ಏನೂ ಸುಡುವುದಿಲ್ಲ. ಆದರೆ ಒತ್ತಡ ಏರಿಸಲು, ತಣ್ಣಗೆ ಮಾಡಲು, ಮತ್ತೆ ಬಿಸಿ ಮಾಡಲು ವಿದ್ಯುತ್ ಬೇಕು. ಆ್ಯಂಟಿಸಾಲ್ವೆಂಟ್‌ನಲ್ಲಿ ಡೈಕ್ಲೋರೋಮೀಥೇನ್ ಇದ್ದೇ ಇದೆ, ಬಳಸಿದ ಸಿಒ2 ಮರಳಿ ಬಳಸದೆ ಆಕಾಶಕ್ಕೆ ಬಿಟ್ಟರೆ ಹಸಿರು ಅನ್ನುವ ಮಾತಿಗೆ ಅರ್ಥ ಇಲ್ಲ. ದೊಡ್ಡ ಘಟಕದಲ್ಲಿ ಸಿಒ2 ಸುತ್ತಿ ಬರುವಂತೆ ಮಾಡಿದರೆ, ಅಥವಾ ಪಿಜಿಎಸ್‌ಎಸ್ ಥರ ಸಿಒ2 ಕಡಿಮೆ ತಿನ್ನುವ ವಿಧಾನ ಹಿಡಿದರೆ ಆ ಮಾತು ನಿಲ್ಲುತ್ತದೆ. ನನಗೆ ಇದರ ನಿಜವಾದ ಬೆಲೆ ಕಾಣುವುದು ಬೇರೆ ಕಡೆ. ಕಡಿಮೆ ಬಿಸಿ, ಕಡಿಮೆ ದ್ರಾವಕ ಉಳಿಕೆ, ಕೊನೆಗೆ ಒತ್ತಡ ಇಳಿಸಿದರೆ ಸಿಒ2 ತಾನಾಗಿಯೇ ಹೋಗುತ್ತದೆ.

ಪುಡಿಕಣ

@ಹಳೇ_ರಿಯಾಕ್ಟರ್ ಸರ್, ಶೀಶೆ ಪರೀಕ್ಷೆ ಮಾಡಿದೆ. ಹಾಕಿದ್ದು ಬಿಳಿ ಪುಡಿ, ತೆಗೆದದ್ದು ಸ್ಪಂಜು. ಶೀಶೆಯ ಆಕಾರವನ್ನೇ ಪಡೆದಿದೆ, ಇಡಿಯಾಗಿ ಮೇಲೆ ಉಬ್ಬಿ ಬಾಯಿಯ ಹತ್ತಿರ ಬಂದಿದೆ. ಕತ್ತರಿಸಿದರೆ ಒಳಗೆಲ್ಲ ಗುಳ್ಳೆ. ಔಷಧದ ಶೀಶೆಯಲ್ಲಿ ತೂಕ ಎದ್ದು ಕಾಣುವಷ್ಟು ಕಡಿಮೆ ಆಗಿದೆ. ಸೆಪರೇಟರ್‌ನ ಡೈಕ್ಲೋರೋಮೀಥೇನ್ ಆರಿಸಿದಾಗ ತಳದಲ್ಲಿ ಬಿಳಿ ಪದರ ಕೂತಿತು, ಎಚ್‌ಪಿಎಲ್‌ಸಿಯಲ್ಲಿ (ಬೆರಕೆಯ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ನೋಡಿದರೆ ಐಬುಪ್ರೊಫೇನೇ. ನೀವು ಹೇಳಿದ ಹಾಗೇ ಇದೆ.

ನನ್ನ ಗೈಡ್ ಪಿಎಲ್‌ಜಿಎ ಬದಲು ಪಿಎಲ್‌ಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲದ ಒಂದು ರೂಪ) ನೋಡು ಅನ್ನುತ್ತಿದ್ದಾರೆ, ಅದು ಎಸ್‌ಎಎಸ್‌ನಲ್ಲಿ ಚೆನ್ನಾಗಿ ಪುಡಿ ಆಗುತ್ತದಂತೆ. ಏನು ಹೇಳುತ್ತೀರಿ?

ಹಳೇ_ರಿಯಾಕ್ಟರ್

ಪುಡಿ ಆಗುತ್ತದೆ, ಅದು ನಿಜ. ಪಿಎಲ್‌ಎಲ್‌ಎ ಅರ್ಧ ಸ್ಫಟಿಕ ಸ್ವಭಾವದ್ದು, ಸಿಒ2 ಹೊಕ್ಕರೂ ಸ್ಫಟಿಕ ಭಾಗ ಹಿಡಿದು ನಿಲ್ಲಿಸುತ್ತದೆ. 1990ರ ದಶಕದ ಮೊದಲಿನಿಂದಲೂ ಇದರ ಮೇಲೆ ಕೆಲಸ ಆಗಿದೆ, ಕೆಲವೇ ಮೈಕ್ರಾನಿನ ಚೆಂದದ ಗೋಲಗಳು ಬರುತ್ತವೆ. ಆದರೆ ಇದರಿಂದ ನಿಮ್ಮ ಮೊದಲನೆಯ ತೊಂದರೆ ಮಾತ್ರ ಹೋಗುತ್ತದೆ. ಎರಡನೆಯದು ಹಾಗೇ ಇದೆ, ಔಷಧ ಸಿಒ2 ಜೊತೆ ಓಡಿಹೋಗುವುದನ್ನು ಪಾಲಿಮರ್ ಬದಲಿಸಿ ತಡೆಯಲು ಆಗುವುದಿಲ್ಲ. ಮೇಲಾಗಿ ಪಿಎಲ್‌ಎಲ್‌ಎ ಮೈಯಲ್ಲಿ ಕರಗಲು ಪಿಎಲ್‌ಜಿಎಗಿಂತ ಎಷ್ಟೋ ಜಾಸ್ತಿ ಕಾಲ ತೆಗೆದುಕೊಳ್ಳುತ್ತದೆ, ನಿಮಗೆ ಬೇಕಾದ ಬಿಡುಗಡೆಗೆ ಅದು ಹೊಂದುತ್ತದಾ ಅಂತ ಮೊದಲು ನೋಡಿ.

ಇನ್ನೊಂದು ಗಂಭೀರ ವಿಷಯ, ಎಲ್ಲರೂ ಓದಬೇಕು ಅಂತ ಬರೆಯುತ್ತಿದ್ದೇನೆ. ಎಸ್‌ಎಎಸ್‌ನಲ್ಲಿ ಪಾಲಿಮರ್ ಮತ್ತು ಔಷಧ ಒಟ್ಟಿಗೆ ಕೆಳಗೆ ಬಿತ್ತು ಅಂದ ಮಾತ್ರಕ್ಕೆ ಔಷಧ ಒಳಗೆ ಸೇರಿದೆ ಅಂತಲ್ಲ. ಪಾಲಿಮರ್ ಒಂದು ಕ್ಷಣದಲ್ಲಿ ಬೀಳುತ್ತದೆ, ಔಷಧ ಇನ್ನೊಂದು ಕ್ಷಣದಲ್ಲಿ ಬೀಳುತ್ತದೆ. ಎರಡರ ನಡುವೆ ಅಂತರ ಇದ್ದರೆ ನಿಮಗೆ ಸಿಗುವುದು ಪಾಲಿಮರ್ ಗೋಲ ಮತ್ತು ಪಕ್ಕದಲ್ಲಿ ಔಷಧದ ಸೂಜಿ. ಒಟ್ಟು ಪುಡಿಯನ್ನು ಕರಗಿಸಿ ಅಳೆದರೆ ಲೋಡಿಂಗ್ (ಪುಡಿಯಲ್ಲಿ ಔಷಧದ ಪಾಲು) ಅಂಕಿ ಚೆನ್ನಾಗೇ ಬರುತ್ತದೆ, ಅದನ್ನೇ ಎನ್‌ಕ್ಯಾಪ್ಸುಲೇಷನ್ (ಔಷಧ ಕಣದ ಒಳಗೆ ಸೇರುವುದು) ಅಂತ ಬರೆದುಬಿಡುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ, ಯಾಕೆಂದರೆ ಮುಂದೆ ಅದನ್ನು ನಂಬಿ ಕೆಲಸ ಮಾಡುವವರು ಬೀಳುತ್ತಾರೆ. ಎಸ್‌ಇಎಂನಲ್ಲಿ ಸೂಜಿಗಳನ್ನು ಹುಡುಕಿ. ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಶಾಖದ ಬದಲಾವಣೆ ಅಳೆಯುವ ಪರೀಕ್ಷೆ) 75-78 ಡಿಗ್ರಿ ಹತ್ತಿರ ಐಬುಪ್ರೊಫೇನ್ ಸ್ಫಟಿಕ ಕರಗುವ ಶಿಖರ ಇದೆಯಾ ನೋಡಿ, ಸ್ಫಟಿಕ ಪತ್ತೆ ಮಾಡುವ ಎಕ್ಸ್‌ಆರ್‌ಡಿ ಕೂಡ ಮಾಡಿಸಿ. ಪಾಲಿಮರ್ ಮುಟ್ಟದ, ಔಷಧ ಮಾತ್ರ ಕರಗಿಸುವ ದ್ರವದಲ್ಲಿ ಪುಡಿಯನ್ನು ಕೆಲವೇ ಕ್ಷಣ ಅದ್ದಿ ತೆಗೆದರೆ ಮೇಲ್ಮೈಯಲ್ಲಿ ಎಷ್ಟಿತ್ತು ಅಂತ ಒಂದು ಅಂದಾಜು ಸಿಗುತ್ತದೆ.

ಎಮಲ್ಷನ್_ಅಕ್ಕ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಪಿಜಿಎಸ್‌ಎಸ್‌ಗೂ ಇದೇ ಪರೀಕ್ಷೆ ಬೇಕು, @ಪ್ರೋಟೀನ್‌ಪ್ರಿಯ. ಹಾಕಿದ್ದೆಲ್ಲ ಪುಡಿಯಲ್ಲಿ ಇದೆ ಅನ್ನುವುದು ಸರಿ, ಒಳಗೆ ಎಷ್ಟು, ಮೇಲೆ ಎಷ್ಟು? ರಂಧ್ರ ಇರುವ ಕಣದಲ್ಲಿ ಮೊದಲ ದಿನವೇ ಅರ್ಧ ಔಷಧ ಹೊರಗೆ ಬಂದರೆ ನಿಧಾನ ಬಿಡುಗಡೆ ಅನ್ನಲು ಬರುವುದಿಲ್ಲ.

ಪ್ರೋಟೀನ್‌ಪ್ರಿಯ

ಸರಿ ಅಕ್ಕ, ಬರ್ಸ್ಟ್ (ಮೊದಲಲ್ಲೇ ಒಮ್ಮೆಲೇ ಹೊರಬರುವುದು) ಇದ್ದೇ ಇರುತ್ತದೆ, ಎಷ್ಟು ಅನ್ನುವುದು ಮುಖ್ಯ. ಪ್ರೋಟೀನ್ ಕರಗದೆ ಪುಡಿಯಾಗಿಯೇ ಉಳಿಯುವುದರಿಂದ ಪ್ರೋಟೀನ್ ಕಣವನ್ನು ಮೊದಲೇ ಚೆನ್ನಾಗಿ ಸಣ್ಣದು ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕಣ ಒಡೆದ ಜಾಗದಲ್ಲಿ ಹೊರಗೆ ಇಣುಕುತ್ತದೆ. ಐಬುಪ್ರೊಫೇನ್ ಹಾಗಲ್ಲ, ಪಿಎಲ್‌ಜಿಎಯಲ್ಲಿ ಒಂದು ಮಟ್ಟದ ತನಕ ಕರಗಿ ಸೇರುತ್ತದೆ. ಆ ಮಟ್ಟ ದಾಟಿದರೆ ಮಾತ್ರ ದಿನ ಕಳೆದ ಹಾಗೆ ಮೇಲೆ ಸ್ಫಟಿಕ ಬೆಳೆಯುತ್ತದೆ. ಹಾಗಾಗಿ ಕಡಿಮೆ ಲೋಡಿಂಗ್‌ನಿಂದ ಶುರು ಮಾಡಿ, ಡಿಎಸ್‌ಸಿಯಲ್ಲಿ ಶಿಖರ ಕಾಣುವ ತನಕ ಏರಿಸಿ, ಅದರ ಕೆಳಗೆ ನಿಲ್ಲಿ.

ಒತ್ತಡಮಾಪಕ

ಪಿಜಿಎಸ್‌ಎಸ್‌ಗೆ ಹೋಗುವ ಮುಂಚೆ ಸುರಕ್ಷತೆ ಬಗ್ಗೆ ಬರೆಯದೆ ಇರಲಾರೆ. ಸಿಒ2 ವಿಷ ಅಲ್ಲ ಅಂತ ಜನ ಸಡಿಲ ಬಿಡುತ್ತಾರೆ. ಒಂದು ಕೆಜಿ ಸಿಒ2 ಕೋಣೆಗೆ ಬಂದರೆ ಅರ್ಧ ಘನ ಮೀಟರಿಗಿಂತ ಜಾಸ್ತಿ ಅನಿಲ. ಗಾಳಿಗಿಂತ ಭಾರ, ನೆಲದ ಹತ್ತಿರ ಸೇರುತ್ತದೆ. ಕೆಲಸದ ಜಾಗದಲ್ಲಿ 8 ಗಂಟೆಯ ಮಿತಿ 5000 ಪಿಪಿಎಂ, 40000 ಪಿಪಿಎಂ ಆದರೆ ಜೀವಕ್ಕೇ ಅಪಾಯ. ಸೆನ್ಸರ್ ಅನ್ನು ತಲೆಯ ಎತ್ತರದಲ್ಲಿ ಹಾಕಿ ಸುಮ್ಮನಾಗಬೇಡಿ, ಕೆಳಗೂ ಒಂದು ಇರಲಿ. ಹೊರಬಿಡುವ ಪೈಪು ಕಟ್ಟಡದ ಹೊರಗೆ ಹೋಗಲಿ.

ಎರಡು ಮುಚ್ಚಿದ ವಾಲ್ವ್ ನಡುವೆ ದ್ರವ ಸಿಒ2 ಯಾವತ್ತೂ ಸಿಕ್ಕಿಹಾಕಿಕೊಳ್ಳಬಾರದು. ಅದು ಕೋಣೆಯ ಬಿಸಿಗೆ ಹಿಗ್ಗಿದರೆ ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ಊಹಿಸಲೂ ಆಗುವುದಿಲ್ಲ. ಅಂಥ ಪ್ರತಿ ಭಾಗಕ್ಕೂ ರಿಲೀಫ್ ವಾಲ್ವ್ ಇರಲಿ, ವೆಸೆಲ್‌ಗೆ ರಪ್ಚರ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ಒಡೆದು ದಾರಿ ಬಿಡುವ ಬಿಲ್ಲೆ) ಇರಲಿ.

ಓ-ರಿಂಗ್ ನೋಡುತ್ತಿರಿ. ಪಿಎಲ್‌ಜಿಎ ಹೀರಿದ ಹಾಗೇ ರಬ್ಬರ್ ಕೂಡ ಸಿಒ2 ಹೀರುತ್ತದೆ. ಬೇಗ ಒತ್ತಡ ಇಳಿಸಿದರೆ ಒಳಗಿನ ಅನಿಲ ಹೊರಬರಲು ಸಮಯ ಸಿಗದೆ ರಿಂಗ್ ಮೇಲೆ ಗುಳ್ಳೆ ಏಳುತ್ತದೆ, ಸೀಳುತ್ತದೆ. ತೆಗೆದಾಗ ದಪ್ಪಗೆ ಊದಿ, ತನ್ನ ತೋಡಿನಲ್ಲಿ ಕೂರದ ಹಾಗೆ ಆಗಿದ್ದರೆ ಮತ್ತೆ ಹಾಕಬೇಡಿ. ಪಿಜಿಎಸ್‌ಎಸ್‌ನಲ್ಲಿ ನಾಜಲ್ ಬಿಸಿ ಇರಲಿ, ಹಿಗ್ಗುವಾಗಿನ ತಂಪಿಗೆ ಒಣ ಮಂಜುಗಡ್ಡೆ ಕೂತು ಬಾಯಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಿದೆ ಅಂತ ಅನುಮಾನ ಬಂದರೆ ಒತ್ತಡ ಇರುವಾಗ ಸ್ಪ್ಯಾನರ್ ಹಿಡಿಯಲೇಬೇಡಿ. ಗೇಜ್ ಸೊನ್ನೆ ತೋರಿಸಿದರೂ ಕಟ್ಟಿದ ಜಾಗದ ಹಿಂದೆ ಒತ್ತಡ ಇರಬಹುದು.

ಬಿಳಿಹಾಳೆ

ಕೊನೆಯ ಪ್ರಶ್ನೆ. ಐಬುಪ್ರೊಫೇನ್ ಸಿಒ2ನಲ್ಲಿ ಅಷ್ಟು ಚೆನ್ನಾಗಿ ಕರಗುವುದಾದರೆ, ತಯಾರಾದ ಖಾಲಿ ಕಣಗಳ ಒಳಗೆ ಸಿಒ2ವೇ ಔಷಧ ಹೊತ್ತುಕೊಂಡು ಹೋಗಬಹುದಲ್ವಾ?

ಹಳೇ_ರಿಯಾಕ್ಟರ್

ಹೋಗುತ್ತದೆ. ಇಂಪ್ರೆಗ್ನೇಷನ್ ಅನ್ನುತ್ತಾರೆ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಎಸ್‌ಎಎಸ್‌ನಲ್ಲಿ ಶಾಪವಾದ ಗುಣ ಇಲ್ಲಿ ವರ. ಆದರೆ ಕಣ ಆ ಒತ್ತಡದಲ್ಲಿ ಆಕಾರ ಉಳಿಸಿಕೊಳ್ಳಬೇಕು. ಪಿಎಲ್‌ಎಲ್‌ಎ ಥರದ್ದು ಉಳಿಸಿಕೊಳ್ಳುತ್ತದೆ, ಪಿಎಲ್‌ಜಿಎ ಏನಾಗುತ್ತದೆ ಅಂತ @ಪುಡಿಕಣ ಅವರ ಸ್ಪಂಜು ನೋಡಿದ ಮೇಲೆ ಹೇಳಬೇಕಾಗಿಲ್ಲ. ಗೈಡ್ ಪಿಎಲ್‌ಎಲ್‌ಎಯೇ ಬೇಕು ಅಂದರೆ ಎಸ್‌ಎಎಸ್‌ನಲ್ಲಿ ಖಾಲಿ ಕಣ ಮಾಡಿ, ಆಮೇಲೆ ಇಂಪ್ರೆಗ್ನೇಷನ್ ಮಾಡುವ ದಾರಿ ಇದೆ. ಒತ್ತಡ ನಿಧಾನಕ್ಕೆ ಇಳಿಸಬೇಕು.

ಪುಡಿಕಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೈಡ್ ಜೊತೆ ಕೂತು ಮಾತಾಡಿದೆ. ಪಿಎಲ್‌ಜಿಎ ಬಿಡುವುದಿಲ್ಲ ಅಂತ ತೀರ್ಮಾನ ಆಯಿತು, ಬಿಡುಗಡೆಯ ಅವಧಿಗೆ ಅದೇ ಬೇಕು. ಎಸ್‌ಎಎಸ್ ಕೈಬಿಟ್ಟೆವು. ಮೊದಲು ಈಥೈಲ್ ಅಸಿಟೇಟ್‌ನಲ್ಲಿ ಎಮಲ್ಷನ್ ಮಾಡಿ 80 ಬಾರ್‌ನಲ್ಲಿ ಎಸ್‌ಎಫ್‌ಇಇ, ಇರುವ ವೆಸೆಲ್‌ನಲ್ಲೇ ಆಗುತ್ತದೆ. ಪಿಜಿಎಸ್‌ಎಸ್‌ಗೆ ಕಲಕುವ ಮೋಟಾರ್ ಬದಲಿಸಬೇಕು, ಅದು ಬಂದ ಮೇಲೆ ಕಡಿಮೆ ಲೋಡಿಂಗ್‌ನಿಂದ ಶುರು ಮಾಡುತ್ತೇವೆ. ನೆಲದ ಹತ್ತಿರ ಸೆನ್ಸರ್ ಇರಲಿಲ್ಲ, ಅದಕ್ಕೂ ಅರ್ಜಿ ಹಾಕಿದ್ದೇನೆ.

ಎಮಲ್ಷನ್_ಅಕ್ಕ

ಒಳ್ಳೆಯದಾಯಿತು. ಎಮಲ್ಷನ್ ಮಾಡುವ ಮುಂಚೆ ನೀರಿನ ಭಾಗದಲ್ಲಿ ಈಥೈಲ್ ಅಸಿಟೇಟ್ ಇನ್ನು ಕರಗದು ಅನ್ನುವಷ್ಟು ಕರಗಿಸಿಕೊಳ್ಳಿ. ಅದು ನೀರಿನಲ್ಲೂ ಸ್ವಲ್ಪ ಕರಗುವ ದ್ರಾವಕ, ಹಾಗೆ ಮಾಡದಿದ್ದರೆ ಹನಿ ಆಗುತ್ತಿದ್ದ ಹಾಗೇ ದ್ರಾವಕ ನೀರಿಗೆ ಓಡಿ, ಸಿಒ2 ಮುಟ್ಟುವ ಮೊದಲೇ ಪಾಲಿಮರ್ ಎಳೆಎಳೆಯಾಗಿ ಬಿದ್ದುಬಿಡುತ್ತದೆ.

ಹಳೇ_ರಿಯಾಕ್ಟರ್

ಬಿಡುಗಡೆ ಪರೀಕ್ಷೆ ಮಾಡುವಾಗ ಮೂರು ಸಾಲು ಇಡಿ: ಬರೀ ಔಷಧ, ಖಾಲಿ ಕಣ ಮತ್ತು ಔಷಧ ಸುಮ್ನೆ ಬೆರೆಸಿದ ಪುಡಿ, ನಿಮ್ಮ ಕಣ. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕಂಡರೆ ಔಷಧ ಒಳಗೆ ಇದೆ. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.